ಬ್ರೇಕ್ ಹಾಕುತ್ತಾ ಜರ್ಕ್ ಇಲ್ಲದೆ ಗೇರ್ ಇಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲೈಸೆನ್ಸ್ ಬಂದಿದೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಸಂಜೆ ಟ್ರಾಫಿಕ್ಕಿನಲ್ಲೂ ಗಾಡಿ ಆಫ್ ಮಾಡದೆ ದಾಟುತ್ತೀರಿ. ಆದರೆ ಫೋರ್ತ್‌ನಿಂದ ಥರ್ಡಿಗೋ ಸೆಕೆಂಡಿಗೋ ಬಂದ ಕೂಡಲೇ ಕಾರು ಮುಗ್ಗರಿಸುತ್ತದೆ, ಪಕ್ಕದಲ್ಲಿ ಕೂತವರ ತಲೆ ಮುಂದೆ ಹೋಗಿ ಬರುತ್ತದೆ. ಈ ಪುಟ ಅಂಥವರಿಗೆ. ಗಾಡಿ ಎತ್ತುವುದು, ರಿವರ್ಸ್ ಹಾಕುವುದು ಇಲ್ಲಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಗೇರ್ ಏರಿಸುವುದನ್ನು ಹೇಳಿಕೊಟ್ಟಷ್ಟು ಇಳಿಸುವುದನ್ನು ಹೇಳಿಕೊಡುವುದಿಲ್ಲ. ಆ ಬಾಕಿ ಇಲ್ಲಿದೆ.

ಗೇರ್ ಇಳಿಸಿ ಕ್ಲಚ್ ಬಿಟ್ಟ ಕೂಡಲೇ ಕಾರು ಯಾಕೆ ಜಗ್ಗುತ್ತದೆ?

ಇಂಜಿನ್ ಒಂದು ವೇಗದಲ್ಲಿ ತಿರುಗುತ್ತಿದೆ, ಗೇರ್‌ಬಾಕ್ಸ್ ಇನ್ನೊಂದು ವೇಗದಲ್ಲಿ. ನೀವು ಕ್ಲಚ್ ಬಿಟ್ಟು ಎರಡನ್ನೂ ಒಮ್ಮೆಗೇ ಸೇರಿಸಿದಿರಿ. ಅಷ್ಟೇ ಕಾರಣ.

ಲೆಕ್ಕ ಹಾಕಿ ನೋಡೋಣ. ಸಾಧಾರಣ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದು 40 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಫೋರ್ತ್ ಗೇರಿನಲ್ಲಿದ್ದರೆ ಇಂಜಿನ್ ನಿಮಿಷಕ್ಕೆ ಸುಮಾರು 1,350 ಸುತ್ತು ಹಾಕುತ್ತಿರುತ್ತದೆ. ಅದೇ ವೇಗಕ್ಕೆ ಥರ್ಡಿನಲ್ಲಿ 1,800, ಸೆಕೆಂಡಿನಲ್ಲಿ 2,650ರ ಆಸುಪಾಸು. ಕಾರಿನಿಂದ ಕಾರಿಗೆ ಈ ಅಂಕಿ ಬದಲಾಗುತ್ತದೆ, ಆದರೆ ಏರುವ ಕ್ರಮ ಎಲ್ಲ ಕಾರಿನಲ್ಲೂ ಇದೇ. ಈಗ ನೀವು ಕ್ಲಚ್ ಒತ್ತುತ್ತೀರಿ. ಎಕ್ಸಲರೇಟರ್ ಮೇಲೆ ಕಾಲಿಲ್ಲ, ಹಾಗಾಗಿ ಇಂಜಿನ್ 800-900ಕ್ಕೆ ಇಳಿದುಬಿಡುತ್ತದೆ. ಸೆಕೆಂಡ್ ಹಾಕಿ ಪಟ್ಟನೆ ಕ್ಲಚ್ ಬಿಟ್ಟರೆ ಆ ಇಂಜಿನ್ ಕಣ್ಣು ಮಿಟುಕಿಸುವಷ್ಟರಲ್ಲಿ 2,650ಕ್ಕೆ ಏರಬೇಕು. ಏರಿಸುವವರು ಯಾರು? ಚಕ್ರಗಳು. ಕಾರಿನ ಓಟದಲ್ಲಿರುವ ಶಕ್ತಿಯನ್ನೇ ಕಿತ್ತುಕೊಂಡು ಇಂಜಿನ್ನನ್ನು ತಿರುಗಿಸುತ್ತವೆ. ನಿಮ್ಮ ತಲೆ ಮುಂದಕ್ಕೆ ಹೋಗುವುದು ಆ ಹೊತ್ತಿಗೆ.

ಓಡುತ್ತಿರುವ ಬಸ್ಸು ಹತ್ತುವವನು ಮೊದಲು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತಾನಲ್ವಾ, ಇಂಜಿನ್ನಿಗೂ ಆ ನಾಲ್ಕು ಹೆಜ್ಜೆ ಬೇಕು. ಅದಕ್ಕೆ ದಾರಿ ಎರಡು. ಕಾರಿನ ವೇಗವನ್ನೇ ಇಳಿಸಿ ಇಂಜಿನ್ನಿನ ಹತ್ತಿರಕ್ಕೆ ತರುವುದು ಒಂದು. ರೇಸ್ ಕೊಟ್ಟು ಇಂಜಿನ್ನನ್ನು ಮೇಲೆತ್ತುವುದು ಇನ್ನೊಂದು. ಮುಂದಿನ ಪ್ರಶ್ನೆಗಳೆಲ್ಲ ಇವೆರಡರ ಸುತ್ತಲೇ ಇವೆ.

ಮೊದಲು ಬ್ರೇಕೋ, ಕ್ಲಚ್ಚೋ?

ಬ್ರೇಕ್. ಯಾವಾಗಲೂ ಬ್ರೇಕ್.

ನಮ್ಮ ಕಡೆ ತುಂಬಾ ಜನಕ್ಕೆ ಎರಡು ಕಾಲನ್ನೂ ಒಟ್ಟಿಗೆ ಒತ್ತುವ ಅಭ್ಯಾಸ. ಕಲಿಯುವಾಗ ಪಕ್ಕದಲ್ಲಿ ಕೂತವರು "ಬ್ರೇಕ್ ಜೊತೆ ಕ್ಲಚ್ ಒತ್ತಮ್ಮಾ, ಆಫ್ ಆಗುತ್ತೆ" ಅಂದಿರುತ್ತಾರೆ. ನಡೆಯುವ ವೇಗದಲ್ಲಿದ್ದಾಗ ಆ ಮಾತು ಸರಿ. 60ರಲ್ಲಿ ಸರಿಯಲ್ಲ. ಕ್ಲಚ್ ಒತ್ತಿದ ಕ್ಷಣದಿಂದ ಇಂಜಿನ್ ಕಾರನ್ನು ಹಿಡಿಯುವುದನ್ನು ಬಿಡುತ್ತದೆ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕಿನಿಂದ ಕಾಲು ಎತ್ತಿದರೆ ಕಾರು ತೇಲಿದ ಹಾಗೆ ಮುಂದೆ ಹೋಗುತ್ತದೆ.

ಇದ್ದ ಗೇರಿನಲ್ಲೇ ಬ್ರೇಕ್ ಹಾಕಿ. ವೇಗ ಇಳಿಯಲಿ. ಇಂಜಿನ್ ಸದ್ದು ತಗ್ಗಿ 1,200ರ ಹತ್ತಿರ ಬಂತು ಅನ್ನುವಾಗ ಕ್ಲಚ್ ಒತ್ತಿ ಗೇರ್ ಇಳಿಸಿ. ನಿಧಾನ ಮಾಡುವುದು ಬ್ರೇಕಿನ ಕೆಲಸ. ಗೇರ್ ಇಳಿಸುವುದು ಆಮೇಲೆ ಮುಂದಕ್ಕೆ ಹೋಗುವುದಕ್ಕೆ. ಇದೊಂದು ತಲೆಗೆ ಹೋದರೆ ಜರ್ಕ್ ಮುಕ್ಕಾಲು ಪಾಲು ತಾನಾಗಿ ಹೋಗುತ್ತದೆ. ಉಳಿದ ಕಾಲು ಪಾಲಿಗೆ ಮಾತ್ರ ಕಾಲಿನ ಕಸರತ್ತು ಬೇಕು.

ಒಂದು ಉದಾಹರಣೆ ಹಿಡಿದು ಹೇಳಿ.

ಶಿಡ್ಲಘಟ್ಟದ ಕಡೆ ಹೋಗುತ್ತಿದ್ದೀರಿ. ಫೋರ್ತ್ ಗೇರ್, ವೇಗ 60. ಮುಂದೆ ಹಳ್ಳಿ, ಶಾಲೆ ಗೋಡೆ, ಅದರ ಪಕ್ಕ ಒಂದು ಹಂಪ್. ಬಿಳಿ ಪಟ್ಟೆ ಯಾವ ಕಾಲದಲ್ಲೋ ಅಳಿಸಿಹೋಗಿದೆ. ಮುಂದಿನ ರೇಷ್ಮೆಗೂಡಿನ ಟೆಂಪೊ ಕುಪ್ಪಳಿಸಿದ್ದನ್ನು ನೋಡಿದ ಮೇಲೆ ನಿಮಗೆ ಗೊತ್ತಾಗಿದೆ.

ಎಕ್ಸಲರೇಟರ್‌ನಿಂದ ಕಾಲು ತೆಗೆಯಿರಿ. ಕನ್ನಡಿ ನೋಡಿ. ಬ್ರೇಕ್ ಮೆಲ್ಲಗೆ ಶುರುವಾಗಲಿ, ನಡುವೆ ಗಟ್ಟಿಯಾಗಲಿ. ಈ ಹೊತ್ತಿನಲ್ಲಿ ಎಡಗಾಲು ಸುಮ್ನೆ ನೆಲದ ಮೇಲಿರಲಿ. ಕಾರು ಇನ್ನೂ ಫೋರ್ತಿನಲ್ಲೇ ಇದೆ, ಪರವಾಗಿಲ್ಲ. ವೇಗ 60ರಿಂದ 50, 40, 35ಕ್ಕೆ ಬಂತು. ಫೋರ್ತಿನಲ್ಲಿ 35 ಅಂದರೆ ಇಂಜಿನ್ 1,200ರ ಹತ್ತಿರ, ಇನ್ನು ಸ್ವಲ್ಪದರಲ್ಲಿ ಗುನುಗುವ ಸದ್ದು ಹೋಗಿ ಅದುರಲು ಶುರುವಾಗುತ್ತದೆ. ಈಗ ಕ್ಲಚ್. ಬ್ರೇಕ್ ಮೇಲೆ ಬಲಗಾಲು ಹಾಗೇ ಇರಲಿ. ಲಿವರ್ ಫೋರ್ತಿನಿಂದ ನೇರ ಸೆಕೆಂಡಿಗೆ ಬರಲಿ. ಇಷ್ಟರಲ್ಲಿ ವೇಗ 20ಕ್ಕೆ ಬಂದಿರುತ್ತದೆ. ಸೆಕೆಂಡಿನಲ್ಲಿ 20 ಅಂದರೆ ಇಂಜಿನ್ 1,300ರ ಹತ್ತಿರ ಇರಬೇಕು, ಈಗಿರುವುದು 850. ಅಂತರ ತೀರಾ ಚಿಕ್ಕದು. ಕ್ಲಚ್ ಹಿಡಿಯುವ ಜಾಗದಲ್ಲಿ ಅರೆಗಳಿಗೆ ನಿಲ್ಲಿಸಿ ಬಿಟ್ಟರೆ ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಮುಂದಿನ ಚಕ್ರ ಹಂಪ್ ಮುಟ್ಟುವ ಮೊದಲೇ ಬ್ರೇಕ್ ಸಡಿಲಿಸಿ. ಬ್ರೇಕ್ ಒತ್ತಿಕೊಂಡೇ ಹಂಪ್ ಹತ್ತಿದರೆ ಕಾರಿನ ಮೂತಿ ತಗ್ಗಿರುತ್ತದೆ, ತಳ ತಾಗುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿ.ಮೀ. ವೇಗದಲ್ಲಿ ದಾಟುವಂಥದ್ದು. ನಮ್ಮ ಹಳ್ಳಿಗಳ ಹಂಪಿಗೆ ಈ ಅಳತೆ ಯಾರೂ ಹೇಳಿದಂತೆ ಕಾಣುವುದಿಲ್ಲ. ಹಾಗಾಗಿ ಲೆಕ್ಕ 15ಕ್ಕೇ ಇಟ್ಟುಕೊಳ್ಳಿ.

ಕ್ಲಚ್ ಎಷ್ಟು ನಿಧಾನ ಬಿಡಬೇಕು?

ಇಡೀ ದಾರಿ ನಿಧಾನ ಬೇಡ. ತಳದಿಂದ ಹಿಡಿಯುವ ಜಾಗದವರೆಗೆ ಬೇಗ ಬರಬಹುದು, ಅಲ್ಲಿ ಏನೂ ಆಗುವುದಿಲ್ಲ. ಹಿಡಿಯುವ ಜಾಗದಲ್ಲಿ ಒಂದು ಕ್ಷಣ ತಡೆಯಿರಿ. ಇಂಜಿನ್ ಸದ್ದು ಏರುವುದು ಕೇಳಿಸುತ್ತದೆ. ಏರಿ ನಿಂತ ಮೇಲೆ ಪೂರ್ತಿ ಬಿಡಿ. ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ಬರೀ ಪಾದದ ಮುಂಭಾಗ ಆಡಿಸಿದರೆ ಹತೋಟಿ ಸಿಗುತ್ತದೆ. ಇಡೀ ಕಾಲನ್ನು ಎತ್ತಿ ಎತ್ತಿ ಬಿಡುವವರಿಗೆ ಇದು ಕಷ್ಟ. ಸೀಟು ಜಾಸ್ತಿ ಹಿಂದಿದ್ದರೂ ಇದೇ ಗತಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರುವಂತೆ ಸೀಟು ಹಾಕಿಕೊಳ್ಳಿ.

ರೇಸ್ ಕೊಟ್ಟು ಗೇರ್ ಇಳಿಸುವುದು ಅಂದರೆ ಏನು?

ಕ್ಲಚ್ ಒತ್ತಿರುವಾಗಲೇ ಎಕ್ಸಲರೇಟರ್ ಒಂದು ಚೂರು ಮುಟ್ಟಿ ಇಂಜಿನ್ನನ್ನು ಕೆಳಗಿನ ಗೇರಿಗೆ ಬೇಕಾದ ವೇಗಕ್ಕೆ ಎತ್ತುವುದು. 60ರಲ್ಲಿ ಫೋರ್ತಿನಲ್ಲಿದ್ದೀರಿ, ಇಂಜಿನ್ 2,000. ಮುಂದೆ ಲಾರಿ, ಓವರ್‌ಟೇಕ್‌ಗೆ ಥರ್ಡ್ ಬೇಕು. ಥರ್ಡಿನಲ್ಲಿ 60ಕ್ಕೆ 2,700 ಬೇಕು. ಕ್ಲಚ್ ಒತ್ತಿ, ಥರ್ಡಿಗೆ ಎಳೆಯುತ್ತಾ ಒಂದು ಸಣ್ಣ ರೇಸ್ ಕೊಡಿ, ಇಂಜಿನ್ ಸುತ್ತು ತೋರಿಸುವ ಮುಳ್ಳು 2,700ರ ಹತ್ತಿರ ಹೋದಾಗ ಕ್ಲಚ್ ಬಿಡಿ. ಇಲ್ಲಿ ಬ್ರೇಕ್ ಇಲ್ಲ, ಬಲಗಾಲು ಖಾಲಿ ಇದೆ. ಅದಕ್ಕೇ ಇದನ್ನು ಮೊದಲು ಕಲಿಯಬೇಕು.

ಮುಳ್ಳು ನೋಡಿ ಕಲಿಯಲು ಹೋಗಬೇಡಿ, ಕಣ್ಣು ರಸ್ತೆ ಮೇಲಿರಲಿ. ಕಿವಿ ಸಾಕು. ಥರ್ಡಿನಲ್ಲಿ 60ಕ್ಕೆ ಹೋಗಿ ಆ ಸದ್ದು ಹೇಗಿದೆ ಅಂತ ಕೇಳಿಸಿಕೊಳ್ಳಿ, ರೇಸ್ ಕೊಟ್ಟಾಗ ಅದೇ ಸದ್ದು ಬರಬೇಕು. ಜಾಸ್ತಿ ಕೊಟ್ಟರೆ ಕ್ಲಚ್ ಬಿಟ್ಟಾಗ ಕಾರು ಮುಂದಕ್ಕೆ ನೆಗೆಯುತ್ತದೆ, ಕಮ್ಮಿಯಾದರೆ ಹಿಂದಕ್ಕೆ ಜಗ್ಗುತ್ತದೆ. ಜಗ್ಗಿದ್ದು ಯಾವ ಕಡೆಗೆ ಅನ್ನುವುದರಲ್ಲೇ ತಪ್ಪೇನು ಅನ್ನುವುದು ಗೊತ್ತಾಗುತ್ತದೆ. ಬೇರೆ ಮೇಷ್ಟ್ರು ಬೇಕಾಗಿಲ್ಲ.

ಈಚಿನ ಕಾರುಗಳಲ್ಲಿ ಎಕ್ಸಲರೇಟರ್‌ಗೆ ಕೇಬಲ್ ಇಲ್ಲ, ವೈರ್ ಮೂಲಕ ಕಂಪ್ಯೂಟರಿಗೆ ಹೇಳಿಕಳಿಸುತ್ತದೆ. ಕೆಲವು ಕಾರಿನಲ್ಲಿ ಒತ್ತಿದ ಮೇಲೆ ರೇಸ್ ಏರಲು ಒಂದು ಚಿಟಿಕೆಯಷ್ಟು ತಡವಾಗುತ್ತದೆ. ಹಳೇ ಕೇಬಲ್ ಕಾರಿನಿಂದ ಬಂದವರು ಆ ತಡಕ್ಕೆ ಹೊಂದಿಕೊಳ್ಳಬೇಕು.

ಬಲಗಾಲು ಬ್ರೇಕ್ ಮೇಲಿದೆ. ರೇಸ್ ಯಾವ ಕಾಲಿನಲ್ಲಿ ಕೊಡಲಿ?

ಅದೇ ಬಲಗಾಲಿನಲ್ಲಿ. ಇದನ್ನೇ ಹೀಲ್ ಅಂಡ್ ಟೋ ಅನ್ನುತ್ತಾರೆ. ಹೆಬ್ಬೆರಳಿನ ಬುಡ ಬ್ರೇಕ್ ಪೆಡಲ್ಲಿನ ಬಲ ಅಂಚಿನಲ್ಲಿ ಇರುತ್ತದೆ. ಬ್ರೇಕ್ ಒತ್ತಿಕೊಂಡೇ ಪಾದವನ್ನು ಬಲಕ್ಕೆ ವಾಲಿಸಿ, ಪಾದದ ಹೊರ ಅಂಚಿನಿಂದ ಎಕ್ಸಲರೇಟರ್ ಅನ್ನು ಒಮ್ಮೆ ತಟ್ಟಿ ಬಿಡಬೇಕು. ಕೆಲವರು ಹಿಮ್ಮಡಿ ತಿರುಗಿಸಿ ತಟ್ಟುತ್ತಾರೆ. ಯಾವುದು ಸುಲಭ ಅನ್ನುವುದು ನಿಮ್ಮ ಪಾದದ ಅಗಲ, ಪೆಡಲ್‌ಗಳ ನಡುವಿನ ಜಾಗ ನೋಡಿ ಹೇಳಬೇಕು.

ಕಷ್ಟ ಇರುವುದು ರೇಸ್ ಕೊಡುವುದರಲ್ಲಿ ಅಲ್ಲ. ರೇಸ್ ಕೊಡುವಾಗ ಬ್ರೇಕಿನ ಒತ್ತಡ ಏರುಪೇರಾಗದಂತೆ ನೋಡಿಕೊಳ್ಳುವುದರಲ್ಲಿ. ಮೊದಮೊದಲು ತಟ್ಟಿದಾಗಲೆಲ್ಲ ಬ್ರೇಕ್ ಕೂಡ ಜೋರಾಗಿ ಒತ್ತಿಹೋಗುತ್ತದೆ. ಅಲ್ಲಿಗೆ ಒಂದು ಜರ್ಕ್ ತಪ್ಪಿಸಲು ಹೋಗಿ ಇನ್ನೊಂದು ಜರ್ಕ್. ಮನೆ ಮುಂದೆ ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಕಾಲು ಹೇಗೆ ವಾಲುತ್ತದೆ ಅಂತ ಮೊದಲು ನೋಡಿ. ಇಂಜಿನ್ ಆಫ್ ಇದ್ದಾಗ ಬ್ರೇಕ್ ಪೆಡಲ್ ಗಟ್ಟಿಯಾಗಿರುತ್ತದೆ, ಓಡುವಾಗ ಹಾಗಿರುವುದಿಲ್ಲ, ಅದು ನೆನಪಿರಲಿ.

ತುಂಬಾ ಫ್ಯಾಮಿಲಿ ಕಾರುಗಳಲ್ಲಿ ಬ್ರೇಕ್ ಪೆಡಲ್ ಎತ್ತರಕ್ಕೆ, ಎಕ್ಸಲರೇಟರ್ ತಗ್ಗಿನಲ್ಲಿ ಇರುತ್ತದೆ. ಬ್ರೇಕ್ ಜೋರಾಗಿ ಒತ್ತಿದಾಗ ಮಾತ್ರ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಮೆಲ್ಲಗೆ ಬ್ರೇಕ್ ಹಾಕುವಾಗ ಪಾದ ಎಟುಕುವುದೇ ಇಲ್ಲ. ಇನ್ನು ಕೆಲವು ಕಾರುಗಳಲ್ಲಿ ಬ್ರೇಕ್ ಒತ್ತಿರುವಾಗ ಎಕ್ಸಲರೇಟರ್ ಒತ್ತಿದರೆ ಕಂಪ್ಯೂಟರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸುರಕ್ಷತೆಗೆ ಅಂತ ಹಾಗೆ ಮಾಡಿರುತ್ತಾರೆ. ನಿಮ್ಮದು ಅಂಥ ಕಾರಾದರೆ ಎಷ್ಟು ತಟ್ಟಿದರೂ ರೇಸ್ ಬರುವುದಿಲ್ಲ, ತಪ್ಪು ನಿಮ್ಮ ಕಾಲಿನದಲ್ಲ.

ಹಾಗಾದರೆ ಇದನ್ನು ಕಲಿಯಲೇಬೇಕಾ?

ನನ್ನ ಪ್ರಕಾರ ದಿನಾ ಓಡಿಸಲು ಬೇಕಾಗಿಲ್ಲ. ಇದು ರೇಸ್ ಟ್ರ್ಯಾಕಿನಿಂದ ಬಂದ ವಿದ್ಯೆ. ಅಲ್ಲಿ ಜೋರಾಗಿ ಬ್ರೇಕ್ ಹಾಕುವುದು, ಗೇರ್ ಇಳಿಸುವುದು, ತಿರುವಿಗೆ ನುಗ್ಗುವುದು ಒಂದೇ ಉಸಿರಿನಲ್ಲಿ ಆಗಬೇಕು. ಗೌರಿಬಿದನೂರಿಗೆ ಮದುವೆಗೆ ಹೋಗುವವರಿಗೆ ಆ ಅವಸರ ಇಲ್ಲ. ಬ್ರೇಕ್ ಮುಗಿಸಿ, ತಿರುವಿಗೆ ಮುಂಚೆ ಗೇರ್ ಇಳಿಸಿ, ಕ್ಲಚ್ ಮೆತ್ತಗೆ ಬಿಟ್ಟರೆ ಅಷ್ಟೇ ನಯವಾಗಿರುತ್ತದೆ. ಖುಷಿಗೆ ಕಲಿಯುವುದಾದರೆ ಖಂಡಿತ ಕಲಿಯಿರಿ, ಆದರೆ ಮನೆಯವರನ್ನೆಲ್ಲ ಕೂರಿಸಿಕೊಂಡು ನಂದಿ ತಿರುವಿನಲ್ಲಿ ಶುರು ಮಾಡಬೇಡಿ.

ಎಡಗಾಲಲ್ಲಿ ಬ್ರೇಕ್ ಹಾಕಿದರೆ ಸುಲಭ ಅಲ್ವಾ?

ಬೇಡ. ಎಡಗಾಲಿಗೆ ಕ್ಲಚ್ಚನ್ನು ತಳದವರೆಗೆ ತುಳಿದು ಅಭ್ಯಾಸ. ಅದೇ ಜೋರಿನಲ್ಲಿ ಬ್ರೇಕ್ ತುಳಿದರೆ ಹಿಂದಿನವರು ಬಂದು ಗುದ್ದುತ್ತಾರೆ.

ಐದರಿಂದ ಒಂದೊಂದೇ ಗೇರ್ ಇಳಿಸಿಕೊಂಡು ಬರಬೇಕಾ?

ಬೇಕಿಲ್ಲ. ಇಳಿಯುವಾಗ ಗೇರ್ ಹಾರಿಸಬಹುದು. ಟಾಪ್‌ನಿಂದ ಥರ್ಡ್, ಫೋರ್ತಿನಿಂದ ಸೆಕೆಂಡ್, ಎರಡೂ ಸರಿ. ಷರತ್ತು ಒಂದೇ, ವೇಗ ಮೊದಲು ಇಳಿದಿರಬೇಕು. ಹಾರಿಸಿದಷ್ಟೂ ಕ್ಲಚ್ ಕಡಿಮೆ ಸವೆಯುತ್ತದೆ. ಒಂದೊಂದೇ ಇಳಿಸುವ ಪದ್ಧತಿ ಬ್ರೇಕ್ ಮೇಲೆ ಅಷ್ಟು ನಂಬಿಕೆ ಇಲ್ಲದ ಕಾಲದ್ದು.

ಸಿಗ್ನಲ್ಲಿನಲ್ಲಿ ಪೂರ್ತಿ ನಿಲ್ಲಿಸುವಾಗ?

ಇದ್ದ ಗೇರಿನಲ್ಲೇ ಬ್ರೇಕ್ ಹಾಕಿ ಬನ್ನಿ. ಇಂಜಿನ್ 1,000ಕ್ಕೆ ಬಂದಾಗ ಕ್ಲಚ್ ಒತ್ತಿ. ನಿಂತ ಮೇಲೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ನಡುವೆ ಹಸಿರು ಬಿದ್ದುಬಿಟ್ಟರೆ ಆಗಿನ ವೇಗಕ್ಕೆ ಹೊಂದುವ ಗೇರಿಗೆ ಹಾಕಿ ಹೊರಡಿ. ನಿಲ್ಲುವ ಕೊನೇ ಒಂದು ಮೀಟರಿನಲ್ಲಿ ಬ್ರೇಕ್ ಒಂದು ಚೂರು ಸಡಿಲಿಸಿದರೆ ಆ ಕೊನೆಯ ತಲೆ ಅಲ್ಲಾಟವೂ ಇರುವುದಿಲ್ಲ.

ಯಾವ ವೇಗಕ್ಕೆ ಯಾವ ಗೇರ್?

ಸಣ್ಣ ಪೆಟ್ರೋಲ್ ಕಾರಿಗೆ ಒರಟು ಲೆಕ್ಕ: ನಡಿಗೆ ವೇಗಕ್ಕೆ ಫಸ್ಟ್, 15ರಿಂದ 30ಕ್ಕೆ ಸೆಕೆಂಡ್, 30ರಿಂದ 45ಕ್ಕೆ ಥರ್ಡ್, 45 ದಾಟಿದರೆ ಫೋರ್ತ್, 60ರ ಮೇಲೆ ಟಾಪ್. ಏರು ಬಂದರೆ ಒಂದು ಗೇರ್ ಕೆಳಗೆ. ಈ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಎಕ್ಸಲರೇಟರ್ ಒತ್ತಿದಾಗ ಕಾರು ಎಳೆಯುತ್ತದಾ, ಅದುರುತ್ತದಾ ನೋಡಿ. ಅದುರಿದರೆ ಗೇರ್ ಇಳಿಸುವುದು ತಡವಾಗಿದೆ.

ಓಡುತ್ತಿರುವಾಗ ಫಸ್ಟ್‌ಗೆ ಹಾಕಬಹುದಾ?

ಹತ್ತು ಕಿ.ಮೀ.ಗಿಂತ ಕೆಳಗೆ ಬಂದಿದ್ದರೆ ಹಾಕಬಹುದು. ಲಿವರ್ ತಡೆಯುತ್ತಿದ್ದರೆ ಬಲವಂತ ಬೇಡ, ವೇಗ ಇನ್ನೂ ಜಾಸ್ತಿ ಇದೆ ಅಂತ ಅರ್ಥ. 20ರಲ್ಲಿ ಫಸ್ಟ್ ಹಾಕಿದರೆ ಇಂಜಿನ್ 2,500 ಸುತ್ತಬೇಕು. ಕ್ಲಚ್ ಪಟ್ಟನೆ ಬಿಟ್ಟರೆ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಯೂ ಬಿದ್ದುಹೋಗುತ್ತಾನೆ.

ನಂದಿ ಬೆಟ್ಟ ಇಳಿಯುವಾಗ ಯಾವ ಗೇರ್? ಬ್ರೇಕ್ ಎಷ್ಟು ಹಿಡಿಯಬೇಕು?

ಚಿಕ್ಕಬಳ್ಳಾಪುರ ಊರು ಸಮುದ್ರ ಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ. ನಂದಿಯ ತುದಿ 1,478 ಮೀಟರ್. ಅಂದರೆ ಜನ ತುಂಬಿದ ಒಂದು ಟನ್‌ಗೂ ಮೀರಿದ ಕಾರು ಕೆಲವೇ ಕಿಲೋಮೀಟರಿನಲ್ಲಿ ಸುಮಾರು ಐನೂರು ಮೀಟರ್ ಕೆಳಗಿಳಿಯುತ್ತದೆ. ಆ ಶಕ್ತಿ ಎಲ್ಲಾದರೂ ಹೋಗಬೇಕಲ್ಲ. ಬ್ರೇಕ್ ಒಂದನ್ನೇ ನಂಬಿದರೆ ಅದಷ್ಟೂ ಬಿಸಿಯಾಗಿ ಪ್ಯಾಡು, ಡಿಸ್ಕು, ಡ್ರಮ್ಮಿಗೆ ಹೋಗುತ್ತದೆ. ಗೇರ್ ಇಳಿಸಿದ್ದರೆ ಒಂದು ದೊಡ್ಡ ಪಾಲನ್ನು ಇಂಜಿನ್ ತಿನ್ನುತ್ತದೆ.

ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ನಂದಿಯಲ್ಲಿ ಬಹುಪಾಲು ಅದು ಸೆಕೆಂಡ್. ತೀರಾ ಮಡಿಚಿದ ತಿರುವಿನಲ್ಲಿ ಫಸ್ಟ್ ಬೇಕಾದರೂ ಬೇಕಾಗಬಹುದು. ಗೇರನ್ನು ಇಳಿಜಾರಿಗೆ ಮುಂಚೆ, ಮೇಲೆಯೇ ಹಾಕಿಕೊಳ್ಳಿ. ಇಳಿಜಾರಿನಲ್ಲಿ ಕ್ಲಚ್ ಒತ್ತಿದರೆ ಆ ಎರಡು ಕ್ಷಣ ಕಾರಿಗೆ ಇಂಜಿನ್ನಿನ ಹಿಡಿತ ಇಲ್ಲ, ವೇಗ ಏರಿಬಿಡುತ್ತದೆ, ಕ್ಲಚ್ ಬಿಟ್ಟಾಗ ಜರ್ಕ್ ಡಬಲ್.

ಅಕಸ್ಮಾತ್ ಥರ್ಡಿನಲ್ಲಿ ಇಳಿಯಲು ಶುರು ಮಾಡಿ ಸೆಕೆಂಡ್ ಬೇಕು ಅನ್ನಿಸಿದರೆ, ನೇರ ಇರುವ ಜಾಗ ನೋಡಿ. ಬ್ರೇಕ್ ಒತ್ತಿ ವೇಗವನ್ನು 20ಕ್ಕೆ ತನ್ನಿ. ಬ್ರೇಕ್ ಬಿಡದೆ ಕ್ಲಚ್, ಸೆಕೆಂಡ್, ಮೆತ್ತಗೆ ಬಿಡಿ. ಆಮೇಲೆ ಬ್ರೇಕ್ ಸಡಿಲಿಸಿ. ತಿರುವಿನ ಒಳಗೆ ಈ ಕೆಲಸ ಬೇಡ.

ಇಳಿಯುವಾಗ ಬ್ರೇಕ್ ಮೇಲೆ ಕಾಲನ್ನು ಸವರಿಕೊಂಡೇ ಇರಬೇಡಿ. ವೇಗ ಏರಿದಾಗ ಗಟ್ಟಿಯಾಗಿ ಒಮ್ಮೆ ಒತ್ತಿ ಇಳಿಸಿ, ಪೂರ್ತಿ ಬಿಡಿ. ನಡುವೆ ಗಾಳಿಗೆ ಬ್ರೇಕ್ ತಣಿಯುತ್ತದೆ. ಇನ್ನೊಂದು ಮಾತು: ಅಗಲ ಸಾಲದ ಕಡೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು, ನಿಯಮವೇ ಅದು. ಶನಿವಾರ, ಭಾನುವಾರ ಬೆಳಗ್ಗೆ ಸೂರ್ಯೋದಯ ನೋಡಿ ಇಳಿಯುವವರಿಗೆ ಇದು ಯಾರೂ ಹೇಳಿಲ್ಲ ಅನ್ನಿಸುತ್ತದೆ.

ನ್ಯೂಟ್ರಲ್ ಮಾಡಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತೆ ಅಂತಾರಲ್ಲ?

ಕಾರ್ಬುರೇಟರ್ ಕಾಲದ ಮಾತು ಅದು. ಈಗಿನ ಇಂಜೆಕ್ಷನ್ ಕಾರು ಗೇರಿನಲ್ಲಿದ್ದು, ಎಕ್ಸಲರೇಟರ್ ಪೂರ್ತಿ ಬಿಟ್ಟಿದ್ದರೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ಕಂಪ್ಯೂಟರ್ ಆಗ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ತಾನಾಗಿ ಓಡುತ್ತಿರಬೇಕು, ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಅಂದರೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದವರದ್ದೇ ಖರ್ಚು ಜಾಸ್ತಿ.

ಇಂಜಿನ್ನನ್ನೇ ಆಫ್ ಮಾಡಿ ಇಳಿಸುವ ಭೂಪರೂ ಇದ್ದಾರೆ. ಇಂಜಿನ್ ನಿಂತರೆ ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ಸಹಾಯ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗೂ ಹೋಗುತ್ತದೆ. ಬೀಗ ತಿರುಗಿಸಿ ಕೀ ತೆಗೆದರೆ ಸ್ಟೇರಿಂಗ್ ಲಾಕ್ ಕೂಡ ಆಗಬಹುದು. ಇದಕ್ಕೆ ಬೇರೆ ಮಾತು ಬೇಡ.

ಇಳಿಯುವಾಗ ಸುಟ್ಟ ವಾಸನೆ ಬಂದರೆ?

ಬ್ರೇಕ್ ಕಾದಿದೆ. ಗೇರ್ ಇನ್ನೂ ಒಂದು ಇಳಿಸಿ, ಅಗಲ ಇರುವ ಕಡೆ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆ ಕೂತುಕೊಳ್ಳಿ. ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ, ಸೀಳುವುದೂ ಉಂಟು. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿದ್ದರೆ ಬ್ರೇಕ್ ಆಯಿಲ್ ಕುದಿದಿರಬಹುದು. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಸಾಮಾನ್ಯವಾಗಿ ಕಾರಿನ ಪುಸ್ತಕದಲ್ಲಿ ಇರುತ್ತದೆ. ಆ ಪುಟವನ್ನು ಓದುವವರು ಕಮ್ಮಿ.

ಗೇರ್ ಇಳಿಸಿ ನಿಧಾನ ಮಾಡಿದರೆ ಇಂಜಿನ್, ಕ್ಲಚ್ ಹಾಳಾಗುವುದಿಲ್ಲವೇ?

ಸರಿಯಾದ ವೇಗದಲ್ಲಿ ಇಳಿಸಿದರೆ ಇಂಜಿನ್ನಿಗೆ ಏನೂ ಆಗುವುದಿಲ್ಲ. ಕ್ಲಚ್ ಮಾತು ಬೇರೆ. ವೇಗ ಇಳಿಸದೆ ಗೇರ್ ಹಾಕಿ, ಜರ್ಕ್ ಬರದಿರಲಿ ಅಂತ ಹಾಫ್ ಕ್ಲಚ್‌ನಲ್ಲಿ ಎಳೆದೆಳೆದು ಬಿಡುತ್ತೀರಿ ನೋಡಿ, ಆಗ ಬ್ರೇಕ್ ಮಾಡಬೇಕಾದ ಕೆಲಸವನ್ನು ಕ್ಲಚ್ ಪ್ಲೇಟ್ ಮಾಡುತ್ತಿರುತ್ತದೆ. ಬ್ರೇಕ್ ಪ್ಯಾಡ್ ಬದಲಿಸಲು ಚಕ್ರ ಬಿಚ್ಚಿದರೆ ಸಾಕು. ಕ್ಲಚ್ ಪ್ಲೇಟಿಗೆ ಗೇರ್‌ಬಾಕ್ಸ್ ಇಳಿಸಬೇಕು. ಕೂಲಿಯ ವ್ಯತ್ಯಾಸ ಮೆಕ್ಯಾನಿಕ್ಕನ್ನೇ ಕೇಳಿ.

ನಿಜವಾದ ಅಪಾಯ ತಪ್ಪು ಗೇರ್ ಬೀಳುವುದು. ಹೈದರಾಬಾದ್ ಹೈವೇಯಲ್ಲಿ 100ರಲ್ಲಿ ಹೋಗುತ್ತಾ ಟಾಪ್‌ನಿಂದ ಫೋರ್ತಿಗೆ ಅಂತ ಎಳೆದು ಸೆಕೆಂಡಿಗೆ ಬಿತ್ತು ಅನ್ನಿ. ಸೆಕೆಂಡಿನಲ್ಲಿ 100 ಅಂದರೆ 6,600 ಸುತ್ತು ದಾಟುತ್ತದೆ. ಕೆಂಪು ಗೆರೆಗೆ ಹೋದಾಗ ಪೆಟ್ರೋಲ್ ನಿಲ್ಲಿಸುವ ವ್ಯವಸ್ಥೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಇಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರ. ವಾಲ್ವ್ ಬಾಗುವುದು, ಅದಕ್ಕಿಂತ ದೊಡ್ಡದು ಆಗುವುದು ಹೀಗೇ. ಲಿವರನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಬೇಡಿ. ಟಾಪ್‌ನಿಂದ ಫೋರ್ತಿಗೆ ಬರುವಾಗ ಅಂಗೈಯನ್ನು ಸಡಿಲವಾಗಿಟ್ಟು ನೇರ ಹಿಂದಕ್ಕೆ ತನ್ನಿ. ಅದು ತಾನಾಗಿ ನಡುವಿನ ಸಾಲಿಗೆ ಬರುತ್ತದೆ, ಫೋರ್ತ್ ಅಲ್ಲೇ ಇದೆ.

ಮಳೆಯಲ್ಲಿ? ರಸ್ತೆ ಮೇಲೆ ರಾಗಿ ಹರಡಿದ್ದರೆ?

ಮೊದಲ ಮಳೆಗೆ ಧೂಳು, ಎಣ್ಣೆ ಎಲ್ಲ ಸೇರಿ ರಸ್ತೆ ಜಾರುತ್ತದೆ. ಹುಷಾರಾಗಿರಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆಯ ಇನ್ನೊಂದು ಜಾರುವ ರಸ್ತೆ ಬಿಸಿಲಲ್ಲೇ ಬರುತ್ತದೆ. ಸುಗ್ಗಿಯಲ್ಲಿ ಚಿಂತಾಮಣಿ, ಬಾಗೇಪಲ್ಲಿ ಕಡೆ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ತಂದು ಹರಡುತ್ತಾರೆ, ಗಾಡಿಗಳು ಹತ್ತಿ ಒಕ್ಕಣೆ ಆಗಲಿ ಅಂತ. ಮೇಲೆ ಒಣ ಹುಲ್ಲು, ಕೆಳಗೆ ಉದುರಿದ ಕಾಳು. ಟೈರಿಗೆ ರಸ್ತೆಯೇ ಸಿಗುವುದಿಲ್ಲ.

ಹೆಚ್ಚಿನ ಸಣ್ಣ ಕಾರುಗಳಲ್ಲಿ ಇಂಜಿನ್ ಎಳೆಯುವುದು ಮುಂದಿನ ಚಕ್ರವನ್ನು, ಸ್ಟೇರಿಂಗ್ ಇರುವುದೂ ಅದಕ್ಕೇ. ಹರಡಿದ ರಾಗಿ ಮೇಲೆ ಹೋಗುತ್ತಾ ಗೇರ್ ಇಳಿಸಿ ಪಟ್ಟನೆ ಕ್ಲಚ್ ಬಿಟ್ಟರೆ ಮುಂದಿನ ಟೈರು ಒಂದು ಕ್ಷಣ ಜಾರುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇದೆಯಲ್ಲ ಅನ್ನಬಹುದು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಅದು ಕಡ್ಡಾಯ. ಆದರೆ ಅದು ಬ್ರೇಕಿನ ಒತ್ತಡವನ್ನು ಮಾತ್ರ ಸಡಿಲಿಸಬಲ್ಲದು, ಕ್ಲಚ್ ಮೂಲಕ ಬಂದ ಎಳೆತವನ್ನಲ್ಲ. ಒಕ್ಕಣೆ ಕಂಡ ಕೂಡಲೇ, ಟಾರು ಕಾಣುವಾಗಲೇ ಬ್ರೇಕ್, ಗೇರ್ ಎರಡೂ ಮುಗಿಸಿ. ಒಕ್ಕಣೆ ಮೇಲೆ ಹೋಗುವಾಗ ಸೆಕೆಂಡಿನಲ್ಲಿ ಸುಮ್ನೆ ದಾಟಿ. ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಕಾರಿನ ಕೆಳಗೆ ಬಗ್ಗಿ ನೋಡಿ. ಕಾದ ಸೈಲೆನ್ಸರ್‌ಗೆ ಹುಲ್ಲು ಸಿಕ್ಕಿಕೊಂಡರೆ ಹೊತ್ತಿಕೊಳ್ಳುತ್ತದೆ.

ದಿಢೀರ್ ಅಂತ ಯಾರಾದರೂ ಅಡ್ಡ ಬಂದರೆ ಗೇರ್ ಇಳಿಸಬೇಕಾ?

ಗೇರ್ ಮರೆತುಬಿಡಿ. ಬ್ರೇಕ್ ಪೂರ್ತಿ, ನಿಲ್ಲುವ ಮುಂಚೆ ಕ್ಲಚ್, ಎರಡು ಕೈಯೂ ಸ್ಟೇರಿಂಗ್ ಮೇಲೆ.

ಇಂಜಿನ್ನಿನಿಂದ ನಿಧಾನ ಮಾಡಿದರೆ ಹಿಂದಿನವರಿಗೆ ಗೊತ್ತಾಗುತ್ತದಾ?

ಇಲ್ಲ. ಬ್ರೇಕ್ ಲೈಟ್ ಹತ್ತುವುದು ಪೆಡಲ್ ಮುಟ್ಟಿದಾಗ. ಗೇರ್ ಇಳಿಸಿ ಕಾರು ಸಡನ್ ಆಗಿ ನಿಧಾನವಾದರೆ ಹಿಂದಿನವನಿಗೆ ಕೆಂಪು ಲೈಟ್ ಕಾಣುವುದಿಲ್ಲ. ಬ್ರೇಕ್ ಜೊತೆಯಲ್ಲೇ ಗೇರ್ ಇಳಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ. ತರಕಾರಿ ಲಾರಿ ಹಿಂದೆ ಅಂಟಿಕೊಂಡು ಬರುತ್ತಿದ್ದರೆ ಪೆಡಲ್ಲನ್ನು ಮೊದಲೇ ಒಂದೆರಡು ಸಲ ಮುಟ್ಟಿ ತೋರಿಸಿ.

ಡೀಸೆಲ್ ಕಾರಿಗೂ ಇದೇನಾ?

ಕ್ರಮ ಇದೇ. ಡೀಸೆಲ್ ಇಂಜಿನ್ ಭಾರ, ರೇಸ್ ಕೊಟ್ಟಾಗ ಏರುವುದೂ ಇಳಿಯುವುದೂ ನಿಧಾನ. ಹಾಗಾಗಿ ರೇಸ್ ಕೊಟ್ಟ ಮೇಲೆ ಕ್ಲಚ್ ಬಿಡಲು ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ. ಡೀಸೆಲ್ ಗೇರುಗಳು ಉದ್ದ, ಅದೇ ವೇಗಕ್ಕೆ ಸುತ್ತು ಕಮ್ಮಿ. ಮೇಲೆ ಕೊಟ್ಟ ಅಂಕಿಗಳನ್ನು ಹಾಗೇ ತೆಗೆದುಕೊಳ್ಳಬೇಡಿ.

ಹಳೇ ಲಾರಿ ಡ್ರೈವರ್‌ಗಳು ಡಬಲ್ ಕ್ಲಚ್ ಅಂತಾರಲ್ಲ, ಅದೇನು?

ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ರೇಸ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್. ಹಳೇ ಗೇರ್‌ಬಾಕ್ಸ್‌ಗಳಲ್ಲಿ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊ ಇರಲಿಲ್ಲ, ಡ್ರೈವರೇ ಹೊಂದಿಸಬೇಕಿತ್ತು. ತಪ್ಪಿದರೆ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕರ್ರ್ ಅನ್ನುತ್ತಿತ್ತು. ಈಗಿನ ಕಾರಿನಲ್ಲಿ ಹಿತ್ತಾಳೆಯ ರಿಂಗುಗಳು ಆ ಕೆಲಸ ಮಾಡುತ್ತವೆ. ಹಾಗಾಗಿ ಡಬಲ್ ಕ್ಲಚ್ ಬೇಡ. ಆದರೆ ಸಿಂಕ್ರೊ ಹೊಂದಿಸುವುದು ಗೇರ್‌ಬಾಕ್ಸಿನ ಒಳಗನ್ನು ಮಾತ್ರ, ಇಂಜಿನ್ನನ್ನಲ್ಲ. ಗೇರ್ ಬೆಣ್ಣೆಯಂತೆ ಬಿದ್ದರೂ ಕ್ಲಚ್ ಬಿಟ್ಟಾಗ ಜರ್ಕ್ ಬರುವುದು ಅದಕ್ಕೇ. ಆ ಹಳಬರು ಕಾರು ಓಡಿಸುವಾಗ ಪಕ್ಕ ಕೂತು ಅವರ ಬಲಗಾಲು ನೋಡಿ. ಎಷ್ಟು ರೇಸ್ ಬೇಕು ಅನ್ನುವುದು ಅವರ ಕಾಲಿಗೇ ಗೊತ್ತಿರುತ್ತದೆ.

ಎಲ್ಲಿ ಪ್ರಾಕ್ಟೀಸ್ ಮಾಡಲಿ?

ಊರ ಸುತ್ತ ಸೈಟ್ ಮಾಡಿ ರಸ್ತೆ ಹಾಕಿ ಬಿಟ್ಟ ಲೇಔಟ್‌ಗಳಿಗೇನೂ ಬರವಿಲ್ಲ. ಮನೆಗಳು ಬಂದಿರುವುದಿಲ್ಲ, ನೇರ ರಸ್ತೆ, ಬೆಳಗ್ಗೆ ಹೊತ್ತು ನಾಯಿಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಅಲ್ಲಿ 40ಕ್ಕೆ ಹೋಗಿ, ಒಂದು ಲೈಟ್ ಕಂಬವನ್ನು ಹಂಪ್ ಅಂದುಕೊಂಡು ಥರ್ಡಿನಿಂದ ಸೆಕೆಂಡಿಗೆ ಬನ್ನಿ. ಬ್ರೇಕ್ ಜೊತೆ ಇಳಿಸುವುದು ಪಳಗಿದ ಮೇಲೆ ರೇಸ್ ಕೊಡುವುದು ಸೇರಿಸಿ. ಡ್ಯಾಶ್‌ಬೋರ್ಡ್ ಹೋಲ್ಡರಿನಲ್ಲಿ ಅರ್ಧ ತುಂಬಿದ ನೀರಿನ ಬಾಟಲಿ ಇಡಿ. ನೀರು ಎಷ್ಟು ಹೊಯ್ದಾಡಿತು ಅನ್ನುವುದು ನಿಮಗಿಂತ ಪ್ರಾಮಾಣಿಕವಾಗಿ ಹೇಳುತ್ತದೆ. ಹೈವೇ ಸರ್ವಿಸ್ ರೋಡಿನಲ್ಲಿ ಬೇಡ, ಅಲ್ಲಿ ಎದುರಿನಿಂದ ಬೈಕುಗಳು ಬರುತ್ತವೆ.

ಎಲ್‌ಎಲ್‌ಆರ್ ಮಾತ್ರ ಇರುವವರು ಲೈಸೆನ್ಸ್ ಇರುವವರನ್ನು ಪಕ್ಕ ಕೂರಿಸಿಕೊಳ್ಳಲೇಬೇಕು, ಕಾರಿನ ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು.

ಹವಾಯಿ ಚಪ್ಪಲಿ ಹಾಕಿಕೊಂಡು?

ಬೇಡ. ಹಿಮ್ಮಡಿ ಜಾರುತ್ತದೆ, ಚಪ್ಪಲಿ ಪೆಡಲ್ ಕೆಳಗೆ ಸಿಕ್ಕಿಕೊಳ್ಳುತ್ತದೆ. ತೆಳು ತಳದ ಶೂ ಒಳ್ಳೆಯದು.

ಇಷ್ಟೆಲ್ಲ ಯಾಕೆ ಸಾರ್, ತಾನೇ ಗೇರ್ ಬದಲಿಸುವ ಎಎಂಟಿ ಕಾರು ತಗೊಂಡ್ರೆ ಸಾಕಲ್ವಾ?

ತಗೊಳ್ಳಿ, ಬೇಡ ಅನ್ನುವುದಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ ನಮ್ಮ ದೇಶಕ್ಕೆ ಬಂದಾಗಿನಿಂದ ಸಣ್ಣ ಕಾರಿನಲ್ಲೂ ಸಿಗುತ್ತಿದೆ. ಅದರೊಳಗೆ ಇರುವುದು ಇದೇ ಗೇರ್‌ಬಾಕ್ಸ್, ಇದೇ ಕ್ಲಚ್ ಪ್ಲೇಟ್. ನಿಮ್ಮ ಎಡಗಾಲಿನ ಬದಲು ಮೋಟರ್ ಒತ್ತುತ್ತದೆ ಅಷ್ಟೇ. ಗೇರ್ ಇಳಿಸುವಾಗ ಇಂಜಿನ್ನನ್ನು ಮೇಲೆತ್ತುವ ಕೆಲಸವನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಆದರೆ ಮುಂದೆ ಇಳಿಜಾರಿದೆ ಅಂತ ಅದಕ್ಕೆ ಮೊದಲೇ ಕಾಣುವುದಿಲ್ಲ. ನಂದಿಯಿಂದ ಹೊರಡುವಾಗ ಲಿವರನ್ನು ಮ್ಯಾನ್ಯುವಲ್ ಕಡೆಗೆ ತಳ್ಳಿ, ಸೆಕೆಂಡ್ ಹಾಕಿಕೊಂಡು ಇಳಿಯಿರಿ.